ಅಕ್ಕನ ಫಿಯೆಟ್ ಕಾರೂ ಎಡಗಾಲಿನ ಪ್ರಶ್ನೆಯೂ



ಕಳೆದ ದೀಪಾವಳಿಯಿಂದ ಯುಗಾದಿಯವರೆಗೆ ನಮ್ಮ ಕುಟುಂಬದಲ್ಲಿ ಒಂದು ವಾದ ನಡೆಯಿತು. ಅದು ಆಸ್ತಿಯ ವಿಷಯವಲ್ಲ, ಮದುವೆಯ ವಿಷಯವೂ ಅಲ್ಲ. ತೀರ್ಥಹಳ್ಳಿಯ ಅಕ್ಕನ ಮನೆಯಲ್ಲಿ ಇಪ್ಪತ್ತು ವರ್ಷ ಟಾರ್ಪಾಲಿನಡಿ ನಿಂತಿದ್ದ ಹಳೆಯ ಫಿಯೆಟ್ ಕಾರನ್ನು ದುರಸ್ತಿ ಮಾಡಿಸುವಾಗ ಅದರ ಮೂಲ ಗೇರ್ ಬಾಕ್ಸನ್ನೇ ಉಳಿಸಿಕೊಳ್ಳಬೇಕೋ, ಅಥವಾ ಅದನ್ನು ಬಿಚ್ಚಿ ಆಟೊಮ್ಯಾಟಿಕ್ ಗೇರ್ ಕೂರಿಸಬೇಕೋ ಎಂಬುದೇ ಆ ವಾದ. ಒಂದು ಪಕ್ಷದಲ್ಲಿ ಬೆಂಗಳೂರಿನಲ್ಲಿರುವ ನನ್ನ ಸೋದರಳಿಯ, ಇನ್ನೊಂದು ಪಕ್ಷದಲ್ಲಿ ನಾನು. ಮೂವತ್ತಕ್ಕೂ ಹೆಚ್ಚು ವರ್ಷ ವಿಜ್ಞಾನ ಪಾಠ ಹೇಳಿ ೨೦೨೦ರಲ್ಲಿ ನಿವೃತ್ತನಾದ ನನಗೆ ವಾದದಲ್ಲಿ ಸೋಲುವ ಅಭ್ಯಾಸ ಕಡಿಮೆ. ಈ ಬಾರಿ ಗೆದ್ದೆನೋ ಸೋತೆನೋ ಎಂಬುದನ್ನು ಕೊನೆಯಲ್ಲಿ ನೀವೇ ನಿರ್ಧರಿಸಿ.

ಮೊದಲು ಕಾರಿನ ಪರಿಚಯ. ಅದು ೧೯೬೮ರ ಫಿಯೆಟ್ ೧೧೦೦ ಡಿಲೈಟ್. ಮುಂಬಯಿಯ ಕುರ್ಲಾದಲ್ಲಿದ್ದ ಪ್ರೀಮಿಯರ್ ಆಟೊಮೊಬೈಲ್ಸ್ ಕಾರ್ಖಾನೆ ಇಟಲಿಯ ಫಿಯೆಟ್ ಕಂಪನಿಯ ಪರವಾನಗಿ ಪಡೆದು ತಯಾರಿಸುತ್ತಿದ್ದ ಕಾರು. ಮುಂದೆ ಇದೇ ಕಾರು ೧೯೭೦ರ ದಶಕದಲ್ಲಿ ಪ್ರೀಮಿಯರ್ ಪದ್ಮಿನಿ ಎಂಬ ಹೆಸರನ್ನು ತಾಳಿತು. ಮುಂಬಯಿಯ ಕಪ್ಪು ಹಳದಿ ಟ್ಯಾಕ್ಸಿಯಾಗಿ ಇದನ್ನು ನೋಡದವರು ನಿಮ್ಮಲ್ಲಿ ವಿರಳ. ಆ ಟ್ಯಾಕ್ಸಿಗಳೂ ಇಪ್ಪತ್ತು ವರ್ಷದ ವಯೋಮಿತಿ ಮುಗಿದು ೨೦೨೩ರ ಅಕ್ಟೋಬರ್ ಕೊನೆಗೆ ರಸ್ತೆಯಿಂದ ಮರೆಯಾದವು. ನಾಲ್ಕು ಸಿಲಿಂಡರಿನ ೧೦೮೯ ಸಿ.ಸಿ. ಎಂಜಿನ್, ಸುಮಾರು ೪೦ ಅಶ್ವಶಕ್ತಿ, ನಾಲ್ಕು ಗೇರು. ಗೇರಿನ ದಂಡ ಇಂದಿನಂತೆ ನೆಲದ ಮೇಲಿರದೆ ಸ್ಟಿಯರಿಂಗ್ ಕಂಬದ ಎಡಪಕ್ಕದಲ್ಲಿರುತ್ತಿತ್ತು. ಮುಂದಿನ ಆಸನ ಎರಡು ತುಂಡಲ್ಲ, ಈ ತುದಿಯಿಂದ ಆ ತುದಿಗೆ ಒಂದೇ ಬೆಂಚು. ಈ ಎರಡು ಸಂಗತಿಗಳನ್ನು ನೆನಪಿನಲ್ಲಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತವೆ.

ಕಾರು ನಮ್ಮ ಭಾವನವರದು. ಅವರು ತೀರ್ಥಹಳ್ಳಿಯಲ್ಲಿ ವೈದ್ಯರಾಗಿದ್ದರು. ಹಣ ಕಟ್ಟಿ ವರ್ಷಗಟ್ಟಲೆ ಕಾದು ಕಾರು ಪಡೆಯಬೇಕಾಗಿದ್ದ ಕಾಲವದು. ಅಕ್ಕ ೧೯೬೯ರಲ್ಲಿ ಮದುವೆಯಾಗಿ ಹೋದಾಗ ಆ ಮನೆಯಲ್ಲಿ ಆಗಲೇ ಕಾರಿತ್ತು. ರಾತ್ರಿ ಹೊತ್ತು ದೂರದ ಹಳ್ಳಿಗಳಿಂದ ಕರೆ ಬಂದಾಗ ಭಾವನವರು ಒಬ್ಬರೇ ಹೋಗುವುದು ಅಕ್ಕನಿಗೆ ಭಯ. "ಹಾಗಾದರೆ ನೀನೇ ಕಲಿ" ಎಂದರು ಭಾವ. ೧೯೭೪ರ ಬೇಸಿಗೆ ರಜೆಯಲ್ಲಿ ಹೈಸ್ಕೂಲ್ ಮೈದಾನದಲ್ಲಿ ಪಾಠ ಶುರುವಾಯಿತು. ಭಾವನವರ ಬೋಧನಾಕ್ರಮ ಬಿ.ಎಡ್. ಮಾಡಿದ ನನಗೂ ಮುಂದೆ ಆದರ್ಶವಾಯಿತು. ಮೊದಲ ವಾರ ಅಕ್ಕನ ಪಾಲಿಗೆ ಸ್ಟಿಯರಿಂಗು ಮತ್ತು ಕಾಲಿನ ಕೆಲಸ ಮಾತ್ರ. ಗೇರಿನ ದಂಡ ಎಡಗಡೆ ಕುಳಿತ ಭಾವನವರ ಕೈಗೆ ಎಟುಕುತ್ತಿತ್ತಷ್ಟೆ; ಅದನ್ನು ಅವರೇ ಬದಲಾಯಿಸುತ್ತಿದ್ದರು. "ಕ್ಲಚ್ ನಿನ್ನ ಕಾಲಿಂದು, ಗೇರು ನನ್ನ ಕೈದು" ಎನ್ನುತ್ತಿದ್ದರು. ಎರಡನೆಯ ವಾರ ಅಕ್ಕನ ಎಡಗೈಯನ್ನು ದಂಡದ ಮೇಲಿಟ್ಟು ತಮ್ಮ ಕೈಯನ್ನು ಹಿಂದೆ ತೆಗೆದರು. ಹಿಂದಿನ ಸೀಟಿನಲ್ಲಿ ಕುಳಿತಿದ್ದ ಹದಿನಾಲ್ಕು ವರ್ಷದ ನನಗೆ ಅದೊಂದು ದೊಡ್ಡ ಸಮಾರಂಭದಂತೆ ಕಂಡಿತ್ತು. ಸೀರೆಯುಟ್ಟು ಕಾರು ಓಡಿಸುವ ಹೆಂಗಸನ್ನು ನೋಡಲು ಮೈದಾನದ ಬೇಲಿಗೆ ಜನ ಸೇರುತ್ತಿದ್ದರು. ಅಕ್ಕ ಯಾರ ಕಡೆಗೂ ನೋಡುತ್ತಿರಲಿಲ್ಲ.

ಮರುವರ್ಷ ಮಳೆಗಾಲದ ಒಂದು ರಾತ್ರಿ. ಹೆರಿಗೆ ಕಷ್ಟವಾದ ಹೆಂಗಸೊಬ್ಬಳನ್ನು ಆಗುಂಬೆ ಘಾಟಿ ಇಳಿಸಿ ಮಣಿಪಾಲದ ಆಸ್ಪತ್ರೆಗೆ ಸೇರಿಸಬೇಕಾಗಿತ್ತು. ಭಾವನವರು ರೋಗಿಯ ಬಳಿ ಹಿಂದಿನ ಸೀಟಿನಲ್ಲಿ ಕೂರಲೇಬೇಕು. ಓಡಿಸಿದವಳು ಅಕ್ಕ. ನಾನು ಮುಂದಿನ ಬೆಂಚಿನಲ್ಲಿ ಕುಳಿತು ಗಾಜಿನ ಒಳಮೈಗೆ ಹಿಡಿಯುತ್ತಿದ್ದ ಮಂಜನ್ನು ಬಟ್ಟೆಯಿಂದ ಒರೆಸುತ್ತಿದ್ದೆ. ಹದಿನಾಲ್ಕು ತಿರುವುಗಳನ್ನೂ ಅಕ್ಕ ಎರಡನೆಯ ಗೇರಿನಲ್ಲೇ ಇಳಿಸಿದಳು. ಎಂಜಿನ್ ಗೊರಗೊರನೆ ಕೂಗುತ್ತಿತ್ತು. ಬ್ರೇಕನ್ನು ತಿರುವಿನಲ್ಲಿ ಮಾತ್ರ ಮುಟ್ಟುತ್ತಿದ್ದಳು. ಆ ಕಾರಿನ ನಾಲ್ಕು ಚಕ್ರಕ್ಕೂ ಡ್ರಮ್ ಬ್ರೇಕು. ನೀರು ಹೊಕ್ಕರೆ ಅವು ಹಿಡಿಯುವುದಿಲ್ಲ. ಬಿಡದೆ ಒತ್ತಿ ಕಾಯಿಸಿದರೂ ಹಿಡಿತ ಸಡಿಲಾಗುತ್ತದೆ. ಆ ರಾತ್ರಿ ನಮ್ಮನ್ನು ತಡೆದು ನಡೆಸಿದ್ದು ಬ್ರೇಕಿಗಿಂತ ಹೆಚ್ಚಾಗಿ ಆ ಎರಡನೆಯ ಗೇರು. ತಾಯಿ ಮಗು ಇಬ್ಬರೂ ಉಳಿದರು. ಬೆಳಗ್ಗೆ ಮಣಿಪಾಲದಲ್ಲಿ ಕಾಫಿ ಕುಡಿಯುವಾಗ ಅಕ್ಕನ ಎಡಗಾಲು ನಡುಗುತ್ತಿತ್ತು. ನಾನು ಕಂಡಿದ್ದೇನೆ.

ಭಾವನವರು ೨೦೦೪ರಲ್ಲಿ ತೀರಿಕೊಂಡರು. ಆ ಬಳಿಕ ಕಾರು ಹೊರಗೆ ಬರಲಿಲ್ಲ. ೨೦೨೧ರಲ್ಲಿ ಅಕ್ಕನ ಎಡಮಂಡಿಗೆ ಶಸ್ತ್ರಚಿಕಿತ್ಸೆಯಾಗಿ ಕೃತಕ ಕೀಲು ಕೂರಿಸಿದರು. ಎರಡು ವರ್ಷದ ಹಿಂದೆ ಅಳಿಯ ಕಾರನ್ನು ಲಾರಿಗೆ ಹೇರಿಸಿ ಬೆಂಗಳೂರಿನ ಗ್ಯಾರೇಜೊಂದಕ್ಕೆ ಸಾಗಿಸಿದ. ತುಕ್ಕು ಹಿಡಿದ ತಗಡನ್ನು ಕತ್ತರಿಸಿ ಹೊಸದು ಬೆಸೆದರು, ಎಂಜಿನ್ ಬಿಚ್ಚಿ ಕಟ್ಟಿದರು. ಗೇರ್ ಬಾಕ್ಸ್ ಕೆಳಗಿಳಿಸಿದಾಗ ಒಳಗೆ ಹಲ್ಲುಗಳು ಸವೆದಿದ್ದವು, ಒಂದೆರಡು ಮುರಿದೇ ಇದ್ದವು. ಆಗ ಮೆಕ್ಯಾನಿಕ್ ಎರಡು ದಾರಿ ತೋರಿಸಿದರು. ಒಂದು, ಜೆ.ಸಿ. ರಸ್ತೆಯಲ್ಲೋ ಗುಜರಿಯಲ್ಲೋ ಹಳೆಯ ಪದ್ಮಿನಿಯ ಭಾಗಗಳನ್ನು ಹುಡುಕಿ ಇದ್ದುದನ್ನೇ ಸರಿಪಡಿಸುವುದು. ಎರಡು, ಗುಜರಿಗೆ ಬಂದ ಜಪಾನೀ ಮೂಲದ ಕಾರೊಂದರ ಆಟೊಮ್ಯಾಟಿಕ್ ಗೇರ್ ಬಾಕ್ಸನ್ನು ಕೂರಿಸುವುದು. "ಮಾವ, ಅಮ್ಮನಿಗೆ ಕ್ಲಚ್ ಒತ್ತೋಕೆ ಆಗಲ್ಲ. ಆಟೊಮ್ಯಾಟಿಕ್ ಮಾಡಿಸಿದ್ರೆ ಅವರೇ ಓಡಿಸಬಹುದು" ಎಂದ ಅಳಿಯ. ನಾನು ಒಡನೆಯೇ "ಅಪ್ಪನ ಕಾರನ್ನು ಕೆಡಿಸಬೇಡ" ಎಂದುಬಿಟ್ಟೆ. ತಾಯಿಯ ಮೇಲಿನ ಪ್ರೀತಿಯಿಂದ ಆಡಿದ ಮಾತಿಗೆ ಅಂಥ ಉತ್ತರ ಕೊಡಬಾರದಾಗಿತ್ತು.

ನನ್ನನ್ನು ಆಟೊಮ್ಯಾಟಿಕ್ಕಿನ ವಿರೋಧಿ ಎಂದು ಭಾವಿಸಬೇಡಿ. ನಾನು ಸ್ವತಃ ನಿತ್ಯ ಓಡಿಸುವುದು ಅಂಥದೇ ಚಿಕ್ಕ ಕಾರನ್ನು. ನಮ್ಮ ದೇಶದಲ್ಲಿ ೨೦೧೪ರಲ್ಲಿ ಮಾರುತಿ ಸೆಲೆರಿಯೊ ಮೂಲಕ ಬಳಕೆಗೆ ಬಂದ ಎ.ಎಂ.ಟಿ. ಎಂಬ ವ್ಯವಸ್ಥೆಯಲ್ಲಿ ಗೇರ್ ಬಾಕ್ಸು ಮಾಮೂಲಿನದೇ, ಕ್ಲಚ್ಚೂ ಮಾಮೂಲಿನದೇ. ಅವನ್ನು ಒತ್ತುವ ಕಾಲು ಮತ್ತು ಬದಲಾಯಿಸುವ ಕೈ ಮಾತ್ರ ಯಂತ್ರದ್ದು. ಬೆಂಗಳೂರಿನ ದಟ್ಟಣೆಯಲ್ಲಿ ನೂರು ಸಲ ಕ್ಲಚ್ ಒತ್ತುವುದರಲ್ಲಿ ಯಾವ ಪುರುಷಾರ್ಥವೂ ಇಲ್ಲ. ಮಂಡಿನೋವಿನವರಿಗೆ, ವಯಸ್ಸಾದವರಿಗೆ ಆಟೊಮ್ಯಾಟಿಕ್ ಒಂದು ವರ. ಹೊಸ ಕಾರು ಕೊಳ್ಳುವ ಹಳೆಯ ವಿದ್ಯಾರ್ಥಿಗಳು ನನ್ನನ್ನು ಕೇಳಿದರೆ ಅದನ್ನೇ ಕೊಳ್ಳಿರಿ ಎನ್ನುತ್ತೇನೆ. ನನ್ನ ಆಕ್ಷೇಪವಿರುವುದು ಐವತ್ತು ವರ್ಷ ದಾಟಿದ ಕಾರಿನ ಹೊಟ್ಟೆ ಸೀಳಿ ಅದನ್ನು ತುಂಬುವುದಕ್ಕೆ ಮಾತ್ರ. ನನ್ನ ಕಾರಣಗಳನ್ನು ತರಗತಿಯಲ್ಲಿ ಹೇಳಿದಂತೆ ಒಂದೊಂದಾಗಿ ಹೇಳುತ್ತೇನೆ.

ಮೊದಲನೆಯದು ಯಂತ್ರಶಾಸ್ತ್ರದ ಕಾರಣ. ಗೇರಿಲ್ಲದೆ ಎಂಜಿನ್ನಿನಿಂದ ಪ್ರಯೋಜನವಿಲ್ಲ ಎಂಬುದನ್ನು ಸೈಕಲ್ಲಿನ ಉದಾಹರಣೆಯೊಡನೆ ಒಂಬತ್ತನೆಯ ತರಗತಿಯಲ್ಲಿ ವಿವರಿಸಿದ್ದೆ. ಮಾನವಚಾಲಿತ ಗೇರಿನಲ್ಲಿ ಎಂಜಿನ್ನಿಗೂ ಗೇರಿಗೂ ನಡುವೆ ಇರುವುದು ಕ್ಲಚ್ಚಿನ ತಟ್ಟೆ. ಅದು ಪೂರ್ತಿ ಕೂಡಿದಾಗ ಎರಡೂ ಒಂದೇ ವೇಗದಲ್ಲಿ ತಿರುಗುತ್ತವೆ. ಹಳೆಯ ಕಾಲದ ಆಟೊಮ್ಯಾಟಿಕ್ಕಿನಲ್ಲಿ ಆ ಜಾಗದಲ್ಲಿರುವುದು ಎಣ್ಣೆ ತುಂಬಿದ ಟಾರ್ಕ್ ಕನ್ವರ್ಟರ್. ಎದುರುಬದುರಾಗಿಟ್ಟ ಎರಡು ಫ್ಯಾನುಗಳಲ್ಲಿ ಒಂದನ್ನು ಚಾಲೂ ಮಾಡಿದರೆ ಅದರ ಗಾಳಿಗೆ ಇನ್ನೊಂದೂ ತಿರುಗುತ್ತದಲ್ಲವೆ? ಅಂತೆಯೇ ಒಂದು ಚಕ್ರ ದೂಡಿದ ಎಣ್ಣೆ ಇನ್ನೊಂದನ್ನು ತಿರುಗಿಸುತ್ತದೆ. ಆದರೆ ಎರಡನೆಯದು ಮೊದಲನೆಯದಕ್ಕಿಂತ ಸ್ವಲ್ಪ ಹಿಂದೆ ಬೀಳುತ್ತದೆ. ಹಿಂದೆ ಬಿದ್ದಷ್ಟು ಶಕ್ತಿ ಎಣ್ಣೆಯಲ್ಲಿ ಶಾಖವಾಗಿ ಕಳೆದುಹೋಗುತ್ತದೆ. ಅಮೆರಿಕದ ದೈತ್ಯ ಎಂಜಿನ್ನುಗಳಿಗೆ ಈ ನಷ್ಟ ಲೆಕ್ಕಕ್ಕಿಲ್ಲ. ಜನರಲ್ ಮೋಟಾರ್ಸ್ ೧೯೪೦ರ ಮಾದರಿಯ ಓಲ್ಡ್ಸ್‌ಮೊಬೈಲ್ ಕಾರಿಗೇ ಹೈಡ್ರಾಮ್ಯಾಟಿಕ್ ಎಂಬ ಪೂರ್ಣ ಸ್ವಯಂಚಾಲಿತ ಗೇರನ್ನು ಕೊಟ್ಟಿತ್ತು. ಆದರೆ ೪೦ ಅಶ್ವಶಕ್ತಿಯ ಬಡಪಾಯಿ ಫಿಯೆಟ್ಟಿಗೆ ಅಂಥ ಉದಾರತನ ಭರಿಸಲಾಗದ ಖರ್ಚು. ಆದ್ದರಿಂದಲೇ ಇಂಥ ಬದಲಾವಣೆ ಮಾಡುವವರು ಸಾಮಾನ್ಯವಾಗಿ ಗೇರ್ ಬಾಕ್ಸಿನೊಡನೆ ಅದರದೇ ಎಂಜಿನ್ನನ್ನೂ ತಂದು ಕೂರಿಸುತ್ತಾರೆ. ನಮ್ಮ ಮೆಕ್ಯಾನಿಕ್ಕರೂ ವಿಚಾರಿಸಿದಾಗ ಅದನ್ನೇ ಹೇಳಿದರು. ಗೇರು ಬದಲಿಸುವ ಮಾತು ಎಂಜಿನ್ ಬದಲಿಸುವ ಮಾತಾಯಿತು. ಆ ಪೆಟ್ಟಿಗೆ ಗಾತ್ರದಲ್ಲಿ ದೊಡ್ಡದಾದ್ದರಿಂದ ಕಾರಿನ ನೆಲದ ತಗಡನ್ನು ಕತ್ತರಿಸಬೇಕು, ಪ್ರೊಪೆಲ್ಲರ್ ಶಾಫ್ಟನ್ನು ಮೋಟುಮಾಡಬೇಕು. ಕೊನೆಗೆ ಭಾವನವರ ಕಾರಿನಲ್ಲಿ ಭಾವನವರದೆಂದು ಉಳಿಯುವುದು ಹೊರಗಿನ ಬಣ್ಣ ಮಾತ್ರ.

ಎರಡನೆಯದು ಕಾನೂನು. ಮೋಟಾರು ವಾಹನಗಳ ೧೯೮೮ರ ಕಾಯಿದೆಯ ೫೨ನೆಯ ಪ್ರಕರಣದ ಪ್ರಕಾರ, ನೋಂದಣಿ ಪತ್ರದ ವಿವರಗಳು ತಯಾರಕರು ಮೊದಲು ನಿಗದಿಪಡಿಸಿದ್ದಕ್ಕೆ ವ್ಯತ್ಯಾಸವಾಗುವಂತೆ ವಾಹನವನ್ನು ಮಾರ್ಪಡಿಸುವಂತಿಲ್ಲ. ೨೦೧೯ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಇದನ್ನು ಎತ್ತಿ ಹಿಡಿಯಿತು. ಇದಲ್ಲದೆ ೨೦೨೧ರ ಜುಲೈನಲ್ಲಿ ಕೇಂದ್ರ ಸರ್ಕಾರ ವಿಂಟೇಜ್ ವಾಹನಗಳಿಗಾಗಿ ಪ್ರತ್ಯೇಕ ನಿಯಮ ತಂದಿದೆ. ಮೊದಲ ನೋಂದಣಿಯಾಗಿ ೫೦ ವರ್ಷ ದಾಟಿರಬೇಕು, ವಾಹನ ಮೂಲರೂಪದಲ್ಲಿರಬೇಕು, ಚಾಸಿ, ಬಾಡಿ ಅಥವಾ ಎಂಜಿನ್ನಿನಲ್ಲಿ ಗಣನೀಯ ಮಾರ್ಪಾಡು ಆಗಿರಬಾರದು. ಅಂಥ ನೋಂದಣಿ ಹತ್ತು ವರ್ಷ ನಡೆಯುತ್ತದೆ. ಗೇರ್ ಬಾಕ್ಸಿನ ಹೆಸರು ಆ ಪಟ್ಟಿಯಲ್ಲಿಲ್ಲ ಎಂದು ಅಳಿಯ ವಾದಿಸಿದ. ನಿಜ. ಆದರೆ ನೆಲ ಕತ್ತರಿಸಿ, ಎಂಜಿನ್ ಬದಲಿಸಿದ ಮೇಲೆ ಗೇರ್ ಬಾಕ್ಸಿನ ಹೆಸರು ಇದ್ದರೆಷ್ಟು, ಬಿಟ್ಟರೆಷ್ಟು? ಅಂಗವೈಕಲ್ಯವುಳ್ಳವರ ಬಳಕೆಗಾಗಿ ವಾಹನವನ್ನು ಅಳವಡಿಸಿಕೊಳ್ಳಲು ಕಾನೂನಿನಲ್ಲಿ ಅವಕಾಶವಿದೆ ಎಂಬುದನ್ನೂ ನ್ಯಾಯವಾಗಿ ಹೇಳಬೇಕು. ಅದರ ಮಾತು ಮುಂದೆ ಬರುತ್ತದೆ.

ಮೂರನೆಯದು ನನ್ನ ಮನಸ್ಸಿಗೆ ಹತ್ತಿರವಾದ ಕಾರಣ. ಡಿ.ಎಲ್. ನರಸಿಂಹಾಚಾರ್ಯರು 'ಕನ್ನಡ ಗ್ರಂಥಸಂಪಾದನೆ' ಎಂಬ ದೊಡ್ಡ ಕೃತಿಯನ್ನು ಬರೆದಿದ್ದಾರೆ. ಓಲೆಗರಿಯ ಕಾವ್ಯವನ್ನು ಅಚ್ಚಿಗೆ ಸಿದ್ಧಪಡಿಸುವ ಶಾಸ್ತ್ರವದು. ಆ ಶಾಸ್ತ್ರದ ವಿವೇಕ ಸರಳ: ತನಗೆ ಅರ್ಥವಾಗಲಿಲ್ಲವೆಂದೋ ಓದುಗನಿಗೆ ಕಷ್ಟವೆಂದೋ ಸಂಪಾದಕ ಕವಿಯ ಪದವನ್ನು ಕಿತ್ತು ಸುಲಭವಾದ ಪದವನ್ನು ಕೂರಿಸಬಾರದು. ಗೆದ್ದಲು ತಿಂದ ಕಡೆ ತುಂಬಬಹುದು, ತುಂಬಿದ್ದನ್ನು ಅಡಿಟಿಪ್ಪಣಿಯಲ್ಲಿ ಒಪ್ಪಿಕೊಳ್ಳಬೇಕು. ಸುಲಭವಾಗಿ ಓದಬೇಕೆನ್ನುವವರಿಗೆ ಗದ್ಯಾನುವಾದ ಬೇರೆ ಇದೆ. ಹಳೆಯ ಕಾರಿನ ಜೀರ್ಣೋದ್ಧಾರವೂ ಒಂದು ಬಗೆಯ ಗ್ರಂಥಸಂಪಾದನೆಯೇ. ಸವೆದ ಹಲ್ಲಿನ ಚಕ್ರಕ್ಕೆ ಅದೇ ಅಳತೆಯ ಇನ್ನೊಂದನ್ನು ಹಾಕಿದರೆ ಅದು ಗೆದ್ದಲು ತಿಂದ ಕಡೆ ತುಂಬಿದಂತೆ. ಗೇರು ಬದಲಿಸುವ ಕೆಲಸವೇ ಬೇಡವೆಂದರೆ ಅದು ಗದ್ಯಾನುವಾದ. ಗದ್ಯಾನುವಾದ ತಪ್ಪಲ್ಲ, ಅದಕ್ಕಾಗಿ ಓಲೆಗರಿಯನ್ನೇ ಕೆರೆದು ಬರೆಯುವುದು ತಪ್ಪು. ಧರ್ಮಸ್ಥಳದ ವಾಹನ ಸಂಗ್ರಹಾಲಯಕ್ಕೆ ಮಕ್ಕಳನ್ನು ಪ್ರವಾಸಕ್ಕೆ ಕರೆದೊಯ್ದಾಗಲೆಲ್ಲ ನಾನು ತೋರಿಸುತ್ತಿದ್ದುದು ಹೊಳೆಯುವ ಬಣ್ಣವನ್ನಲ್ಲ, ಚಾಲಕನ ಆಸನದ ಮುಂದಿರುವ ದಂಡ, ಹಿಡಿಕೆ, ಪೆಡಲುಗಳನ್ನು. ಆ ಕಾಲದ ಮನುಷ್ಯನ ಕೈಕಾಲುಗಳಿಗೆ ಏನೇನು ಗೊತ್ತಿತ್ತು ಎಂಬುದು ಅಲ್ಲಿ ಬರೆದಿರುತ್ತದೆ.

ಇಷ್ಟು ವಾದವನ್ನು ನಾನು ಅಳಿಯನಿಗೆ ಫೋನಿನಲ್ಲಿ ಕಂತು ಕಂತಾಗಿ ಒಪ್ಪಿಸಿದೆ. ಅವನು ಕೊನೆಗೆ ಒಂದೇ ಮಾತು ಹೇಳಿದ: "ಎಲ್ಲಾ ಸರಿ ಮಾವ. ಆದರೆ ಓಡಿಸೋಕೆ ಬರೋರು ಯಾರೂ ಇಲ್ಲದ ಕಾರನ್ನ ಸರಿ ಮಾಡಿಸಿ ಏನು ಮಾಡೋಣ? ನನ್ನ ಮಗಳಿಗೂ ಆಟೊಮ್ಯಾಟಿಕ್ ಬಿಟ್ಟು ಬೇರೆ ಬರೋಲ್ಲ." ಇದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ. ಯಾರೂ ಓಡಿಸದ ಕಾರು ಯಾರೂ ಓದದ ಗ್ರಂಥದಂತೆಯೇ ಸರಿ.

ಯುಗಾದಿಗೆ ಎಲ್ಲರೂ ತೀರ್ಥಹಳ್ಳಿಯಲ್ಲಿ ಸೇರಿದೆವು. ಊಟದ ಬಳಿಕ ವಾದ ಮತ್ತೆ ಎದ್ದಿತು. ಜಗಲಿಯಲ್ಲಿ ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದ ಅಕ್ಕ ಸ್ವಲ್ಪ ಹೊತ್ತು ಕೇಳಿ, "ಅಲ್ಲ ಮಾರಾಯ, ಕಾಲು ನಂದು. ಆರು ತಿಂಗಳಿಂದ ನನ್ನ ಕಾಲಿನ ಮೇಲೆ ನೀವಿಬ್ಬರು ಜಗಳ ಆಡ್ತಿದೀರಿ. ಒಬ್ಬರಾದರೂ ನನ್ನ ಕೇಳಿದ್ರಾ?" ಎಂದಳು.

ಕೇಳಿರಲಿಲ್ಲ. ಅಳಿಯ ತಾಯಿಗೆ ಅಚ್ಚರಿಯ ಉಡುಗೊರೆ ಕೊಡಬೇಕೆಂದು ಸುಮ್ಮನಿದ್ದ. ನಾನು ಭಾವನವರ ಪರವಾಗಿ ಮಾತಾಡುತ್ತಿದ್ದೇನೆಂಬ ಭ್ರಮೆಯಲ್ಲಿ ಅಕ್ಕನನ್ನು ಮರೆತಿದ್ದೆ. ಇಡೀ ವೃತ್ತಿಜೀವನದುದ್ದಕ್ಕೂ "ಮಗುವನ್ನು ಕೇಳಿ ಪಾಠ ಯೋಜಿಸಿ" ಎಂದು ಕಿರಿಯ ಶಿಕ್ಷಕರಿಗೆ ಉಪದೇಶಿಸಿದವನು ನಾನು.

ಅಕ್ಕ ಹೇಳಿದ್ದು ಇಷ್ಟು. ಮಂಡಿ ಬದಲಾಯಿಸಿಕೊಂಡವರು ಕ್ಲಚ್ ಒತ್ತಬಾರದೆಂದು ವೈದ್ಯರು ಹೇಳಿಲ್ಲ. ತನಗೆ ಮಾತ್ರ ನಾಲ್ಕೈದು ಸಲ ಒತ್ತಿದರೆ ನೋಯುತ್ತದೆ. ಎಪ್ಪತ್ತು ದಾಟಿದ ಮೇಲೆ ಬೆಂಗಳೂರಿನ ರಸ್ತೆಯಲ್ಲಿ ಯಾವ ಕಾರನ್ನೂ ಓಡಿಸುವ ಆಸೆ ಇಲ್ಲ. "ನಂಗೆ ಓಡಿಸ್ಬೇಕು ಅಂತಲ್ಲ. ಆ ಗೇರು ಬೀಳುವಾಗ ಕೈಗೆ ಗೊತ್ತಾಗ್ತದಲ್ಲ, ಅದು ಬೇಕು. ಅದೇ ಇಲ್ದಿದ್ರೆ ಆ ಕಾರು ಯಾಕೆ? ನಿನ್ನ ಕಾರಲ್ಲೇ ಕೂತ್ಕೊಂಡು ಹೋಗ್ತೇನೆ." ಆಮೇಲೆ ಮೊಮ್ಮಗಳ ಕಡೆ ತಿರುಗಿ, "ಕ್ಲಚ್ ನೀನು ಒತ್ತು. ಗೇರು ನಾನು ಹಾಕ್ತೇನೆ" ಎಂದಳು.

ನನಗೆ ಹೈಸ್ಕೂಲ್ ಮೈದಾನ ಕಣ್ಣ ಮುಂದೆ ಬಂತು. ಸ್ಟಿಯರಿಂಗಿನ ಎಡಕ್ಕಿರುವ ದಂಡ, ಒಂದೇ ಬೆಂಚಿನ ಆಸನ. ಎಡಗಡೆ ಕುಳಿತವರ ಬಲಗೈಗೆ ಎಟುಕುವ ಗೇರು. ಅಳಿಯ ಮರುಮಾತಾಡಲಿಲ್ಲ. ಮರುದಿನವೇ ಗ್ಯಾರೇಜಿಗೆ ಫೋನು ಮಾಡಿ ಹಳೆಯ ಪೆಟ್ಟಿಗೆಯನ್ನೇ ಸರಿಪಡಿಸಲು ಹೇಳಿದ. ಎರಡು ಪದ್ಮಿನಿಗಳ ಭಾಗಗಳಿಂದ ಈಗ ಒಂದು ಗೇರ್ ಬಾಕ್ಸ್ ಸಿದ್ಧವಾಗಿದೆ.

ಇಷ್ಟೆಲ್ಲ ಆದಮೇಲೆ ನನ್ನ ಅಭಿಪ್ರಾಯವನ್ನು ತಿದ್ದಿ ಬರೆಯುವುದಾದರೆ ಹೀಗೆ. ಹಳೆಯ ಕಾರನ್ನು ಜೀರ್ಣೋದ್ಧಾರ ಮಾಡುವವರು ಮೂಲದ ಗೇರನ್ನೇ ಉಳಿಸಿಕೊಳ್ಳಿರಿ. ಅದರಲ್ಲಿ ನನಗೆ ಈಗಲೂ ಸಂಶಯವಿಲ್ಲ. ಚಾಲಕನ ಕಾಲಿಗೆ ಶಕ್ತಿಯಿಲ್ಲದಿದ್ದರೆ ಮೊದಲು ತೆಗೆದುಹಾಕಬಹುದಾದ ಉಪಾಯವನ್ನು ನೋಡಿರಿ. ಗೇರಿನ ದಂಡದ ಮೇಲಿನ ಗುಂಡಿಯಿಂದಲೋ ಕೈಹಿಡಿಕೆಯಿಂದಲೋ ಕ್ಲಚ್ ಒತ್ತುವ ಸಾಧನಗಳನ್ನು ನಮ್ಮ ದೇಶದಲ್ಲೇ ಅಂಗವಿಕಲರ ವಾಹನಗಳಿಗೆ ಜೋಡಿಸುತ್ತಾರೆ. ಅದಕ್ಕೆ ಪ್ರಾದೇಶಿಕ ಸಾರಿಗೆ ಕಚೇರಿಯ ಒಪ್ಪಿಗೆ ಪಡೆಯಿರಿ. ಇದು ಹೊಸ ಯೋಚನೆಯೂ ಅಲ್ಲ. ೧೯೫೦ರ ದಶಕದಲ್ಲೇ ಜರ್ಮನಿಯಲ್ಲಿ ಸ್ಯಾಕ್ಸೊಮ್ಯಾಟ್ ಎಂಬ ಹೆಸರಿನ ಸ್ವಯಂಚಾಲಿತ ಕ್ಲಚ್ ಇತ್ತು. ಗೇರನ್ನು ಕೈಯಿಂದ ಹಾಕಬೇಕು, ಕ್ಲಚ್ಚಿನ ಪೆಡಲು ಮಾತ್ರ ಇರುತ್ತಿರಲಿಲ್ಲ. ನಾಳೆ ಬೇಡವೆನಿಸಿದರೆ ಬಿಚ್ಚಿಡಬಹುದಾದುದನ್ನು ಸೇರಿಸಿರಿ, ಮತ್ತೆ ಬರಲಾರದ್ದನ್ನು ಕತ್ತರಿಸಬೇಡಿರಿ. ನಿತ್ಯದ ಓಡಾಟಕ್ಕೆ ಹೊಸ ಆಟೊಮ್ಯಾಟಿಕ್ ಕೊಳ್ಳಿರಿ; ಆ ಭಾರವನ್ನು ಮುದಿ ಕಾರಿನ ಮೇಲೆ ಹೊರಿಸಬೇಡಿರಿ.

ಇವೆಲ್ಲಕ್ಕಿಂತ ಮೊದಲು, ಯಾರಿಗಾಗಿ ಮಾಡುತ್ತಿದ್ದೀರೋ ಅವರನ್ನು ಒಂದು ಮಾತು ಕೇಳಿರಿ. ನಮ್ಮ ಆರು ತಿಂಗಳ ವಾದ ಜಗಲಿಯ ಒಂದು ಪ್ರಶ್ನೆಯಲ್ಲಿ ಮುಗಿಯಬಹುದಾಗಿತ್ತು.

ಅಳಿಯನಿಗೆ ನಾನಾಡಿದ ಒರಟು ಮಾತಿಗೆ ಕ್ಷಮೆ ಕೇಳಿದ್ದೇನೆ. ಅವನು ನಕ್ಕು, "ಬಿಡಿ ಮಾವ, ಕಾರು ಬಂದಮೇಲೆ ಹಿಂದಿನ ಸೀಟು ನಿಮಗೇ" ಎಂದ. ಮಳೆಗಾಲ ಕಳೆದ ಮೇಲೆ ಕಾರು ತೀರ್ಥಹಳ್ಳಿಗೆ ಬರುತ್ತದೆ. ಮೊಮ್ಮಗಳ ಮೊದಲ ಪಾಠ ಹೈಸ್ಕೂಲ್ ಮೈದಾನದಲ್ಲೇ ಎಂದು ಅಕ್ಕ ನಿಶ್ಚಯಿಸಿದ್ದಾಳೆ. ಮೊದಲ ವಾರ ಗೇರು ಅಕ್ಕನ ಕೈಯಲ್ಲಿ. ಎರಡನೆಯ ವಾರ ಅವಳು ಕೈ ಹಿಂದೆ ತೆಗೆಯುತ್ತಾಳೆ. ಹಿಂದಿನ ಸೀಟಿನಲ್ಲಿ ನಾನು ಇರುತ್ತೇನೆ.